ಹೆಸರು ಪಿಡಿಎಫ್, ಒಳಗಿರುವುದು ಲಾಗಿನ್ ಪುಟ: ಬ್ರೌಸರ್ ಅಪ್‌ಗ್ರೇಡ್ ಆದ ಮೇಲೆ ತೆರೆಯದ ಅಟ್ಯಾಚ್‌ಮೆಂಟ್‌ಗಳ ಒಂದು ಪ್ರಕರಣ

ಒಂದು ಕಚೇರಿಯ ಲೆಕ್ಕಪತ್ರ ವಿಭಾಗದಿಂದ ಬಂದ ದೂರು ಇದು. ಬ್ರೌಸರ್ ಅಪ್‌ಗ್ರೇಡ್ ಆದಾಗಿನಿಂದ ಮೇಲ್‌ನಲ್ಲಿ ಬಂದ ಅಟ್ಯಾಚ್‌ಮೆಂಟ್‌ಗಳು ತೆರೆಯುತ್ತಿಲ್ಲ. ಮೇಲ್ ಓದಲು ಬರುತ್ತದೆ, ಕಳಿಸಲು ಬರುತ್ತದೆ, ಅಟ್ಯಾಚ್‌ಮೆಂಟ್ ಮೇಲೆ ಕ್ಲಿಕ್ ಮಾಡಿದರೆ ಡೌನ್‌ಲೋಡ್ ಕೂಡ ಆಗುತ್ತದೆ, ಫೈಲಿನ ಹೆಸರೂ ಸರಿಯಾಗೇ ಇರುತ್ತದೆ. ತೆರೆಯಲು ಹೋದರೆ ಮಾತ್ರ ಪಿಡಿಎಫ್ ರೀಡರ್ ‘ಫೈಲ್ ಹಾಳಾಗಿದೆ’ ಅನ್ನುತ್ತದೆ. ವರ್ಡ್ ಅದನ್ನೇ ಬೇರೆ ಮಾತಿನಲ್ಲಿ ಹೇಳುತ್ತದೆ. ಕ್ರೋಮ್‌ನ ಒಳಗೇ ತೆರೆದರೆ ‘ಪಿಡಿಎಫ್ ಲೋಡ್ ಮಾಡಲು ಆಗಲಿಲ್ಲ’ ಎಂಬ ಒಂದು ಸಾಲು, ಅಷ್ಟೇ.

“ಸಾರ್, ನಿನ್ನೆವರೆಗೂ ಚೆನ್ನಾಗಿತ್ತು. ಅಪ್‌ಗ್ರೇಡ್ ಮಾಡಿದ್ರಿ, ಎಲ್ಲ ಹೋಯ್ತು” ಎಂದರು ಅಲ್ಲಿನ ಮೇಡಂ. ಇಂಥ ಮಾತನ್ನು ತಳ್ಳಿಹಾಕಬಾರದು. ಏನೋ ಬದಲಾದ ಮೇಲೆಯೇ ಕೆಟ್ಟಿದೆ ಅಂದರೆ ಆ ಬದಲಾವಣೆಗೂ ಇದಕ್ಕೂ ಸಂಬಂಧ ಇದ್ದೇ ಇರುತ್ತದೆ. ಆದರೆ ಸಂಬಂಧ ಇರುವುದು ಬೇರೆ, ತಪ್ಪು ಅಲ್ಲೇ ಇರುವುದು ಬೇರೆ.

ಮೊದಲು ಸ್ವಲ್ಪ ಹಿನ್ನೆಲೆ. ಆ ವಿಭಾಗದ ಕಂಪ್ಯೂಟರ್‌ಗಳಲ್ಲಿ ಕ್ರೋಮ್ ತಾನಾಗಿ ಅಪ್‌ಡೇಟ್ ಆಗುವುದನ್ನು ಯಾವುದೋ ಕಾಲದಲ್ಲಿ ನಿಲ್ಲಿಸಿಬಿಟ್ಟಿದ್ದರು. ಯಾವುದೋ ಹಳೆಯ ಒಳ ತಂತ್ರಾಂಶ ಹೊಸ ಆವೃತ್ತಿಯಲ್ಲಿ ಓಡುವುದಿಲ್ಲ ಅಂತ ಆಗ ಯಾರೋ ಹೇಳಿದ್ದರಂತೆ. ಆ ತಂತ್ರಾಂಶ ಹೋಗಿ ಎಷ್ಟೋ ಕಾಲವಾಗಿತ್ತು, ತಡೆ ಮಾತ್ರ ಹಾಗೇ ಉಳಿದಿತ್ತು. ಆವೃತ್ತಿ 70ರ ಆಸುಪಾಸಿನಲ್ಲಿ ನಿಂತಿದ್ದ ಬ್ರೌಸರ್ ಒಂದೇ ಸಲ ಈಗಿನ ಆವೃತ್ತಿಗೆ ಹಾರಿತು. ಅವರು ‘ಒಂದು ಅಪ್‌ಗ್ರೇಡ್’ ಎಂದು ಕರೆದದ್ದು ನಿಜಕ್ಕೂ ಹಲವು ವರ್ಷಗಳ ಬದಲಾವಣೆಗಳ ರಾಶಿ. ತಿಂಗಳು ತಿಂಗಳೂ ಅಪ್‌ಡೇಟ್ ಆಗುತ್ತಿದ್ದರೆ ಈ ಸಮಸ್ಯೆ ಯಾವಾಗ ಶುರುವಾಯಿತು ಅನ್ನುವುದು ನೆಟ್ಟಗೆ ಗೊತ್ತಾಗುತ್ತಿತ್ತು. ಈಗ ಅದಿಲ್ಲ.

ನನ್ನ ಹತ್ತಿರ ಬರುವಷ್ಟರಲ್ಲಿ ಅವರು ಸಾಕಷ್ಟು ಪ್ರಯತ್ನ ಮಾಡಿದ್ದರು. ಬ್ರೌಸರ್ ಉಳಿಸಿಟ್ಟುಕೊಳ್ಳುವ ತಾತ್ಕಾಲಿಕ ಫೈಲುಗಳನ್ನು (ಕ್ಯಾಶ್) ಅಳಿಸಿದ್ದರು. ಪಿಡಿಎಫ್ ರೀಡರ್ ತೆಗೆದು ಮತ್ತೆ ಹಾಕಿದ್ದರು. ಕ್ರೋಮ್ ಸೆಟ್ಟಿಂಗ್‌ನಲ್ಲಿ ಪಿಡಿಎಫ್ ಅಲ್ಲೇ ತೆರೆಯುವ ಬದಲು ಡೌನ್‌ಲೋಡ್ ಆಗುವಂತೆ ಬದಲಿಸಿದ್ದರು. ಎಕ್ಸ್‌ಟೆನ್ಷನ್‌ಗಳನ್ನೆಲ್ಲ ತೆಗೆದಿದ್ದರು. ಒಬ್ಬರು ಆ್ಯಂಟಿವೈರಸ್ಸನ್ನೇ ಆಫ್ ಮಾಡಿ ನೋಡಿದ್ದರು. ತೆರೆಯದ ಅಟ್ಯಾಚ್‌ಮೆಂಟ್ ತೆರೆಯಲಿಕ್ಕೆ ಮಾಡುವ ಕೆಲಸಗಳಲ್ಲಿ ಇದಕ್ಕಿಂತ ಅಪಾಯದ್ದು ಇನ್ನೊಂದಿಲ್ಲ, ದಯವಿಟ್ಟು ಮಾಡಬೇಡಿ. ಇವುಗಳಲ್ಲಿ ಪಿಡಿಎಫ್ ರೀಡರ್ ಮತ್ತೆ ಹಾಕಿದ್ದು ಮೊದಲೇ ಅರ್ಥವಿಲ್ಲದ ಕೆಲಸವಾಗಿತ್ತು. ಪಿಡಿಎಫ್, ವರ್ಡ್, ಜಿಪ್, ಮೂರೂ ತೆರೆಯುತ್ತಿಲ್ಲ ಅಂದರೆ ಮೂರು ಬೇರೆ ಬೇರೆ ಪ್ರೋಗ್ರಾಂಗಳು ಒಂದೇ ರಾತ್ರಿಯಲ್ಲಿ ಕೆಟ್ಟಿರಲು ಸಾಧ್ಯವಿಲ್ಲ, ಅಲ್ವಾ?

ಇನ್‌ಕಾಗ್ನಿಟೋ ಕಿಟಕಿಯಲ್ಲೂ ನೋಡಿದ್ದರು, ಅಲ್ಲೂ ಅದೇ ಕಥೆ. ಎಕ್ಸ್‌ಟೆನ್ಷನ್ ಕಾರಣವೋ ಅಲ್ಲವೋ ಅಂತ ನೋಡಲು ಎಲ್ಲರೂ ಮಾಡುವ ಪರೀಕ್ಷೆ ಇದು. ಆದರೆ ಈ ತರಹದ ಸಮಸ್ಯೆಯಲ್ಲಿ ಇದು ದಾರಿ ತಪ್ಪಿಸಬಹುದು. ಕುಕೀ ಅಂದರೆ ನಿಮ್ಮನ್ನು ಗುರುತಿಸಲು ಸೈಟ್ ಬ್ರೌಸರ್‌ನಲ್ಲಿ ಇಡುವ ಚಿಕ್ಕ ಗುರುತು ಚೀಟಿ. 2020ರಿಂದ ಕ್ರೋಮ್‌ನ ಇನ್‌ಕಾಗ್ನಿಟೋ ಮೂರನೆಯವರ ಕುಕೀಗಳನ್ನು, ಅಂದರೆ ನೀವು ನೋಡುತ್ತಿರುವ ಸೈಟಿನದಲ್ಲದ ಬೇರೆ ಸೈಟಿನ ಕುಕೀಗಳನ್ನು, ತಾನಾಗಿಯೇ ತಡೆಯುತ್ತದೆ. ಅಂದರೆ ಮಾಮೂಲಿ ಕಿಟಕಿಯಲ್ಲಿ ಒಂದು ಕಾರಣಕ್ಕೆ, ಇನ್‌ಕಾಗ್ನಿಟೋದಲ್ಲಿ ಇನ್ನೊಂದು ಕಾರಣಕ್ಕೆ ಕೆಟ್ಟು, ಎರಡೂ ಒಂದೇ ತರ ಕಾಣಬಹುದು. ಇದನ್ನು ಮನಸ್ಸಿನಲ್ಲಿಟ್ಟುಕೊಂಡು ಮುಂದೆ ಹೋದೆ.

ಕೇಳಿದ ಪ್ರಶ್ನೆಗಳು

ಸೆಟ್ಟಿಂಗ್ ಯಾವುದನ್ನೂ ಮುಟ್ಟುವ ಮೊದಲು ಕೆಲವು ಪ್ರಶ್ನೆ ಕೇಳಿದೆ. ಅದೇ ಮೇಲ್ ಫೋನಿನಲ್ಲಿ ತೆರೆಯುತ್ತದಾ? ತೆರೆಯುತ್ತದೆ, ಅಟ್ಯಾಚ್‌ಮೆಂಟೂ ಸರಿಯಾಗಿ ಬರುತ್ತದೆ. ಹಾಗಾದರೆ ಕಳಿಸಿದವರ ಫೈಲ್ ಚೆನ್ನಾಗಿದೆ, ಸರ್ವರ್‌ನಲ್ಲೂ ಚೆನ್ನಾಗಿಯೇ ಕೂತಿದೆ. ಫೋನಿನ ಮೇಲ್ ಆ್ಯಪ್ ಐಮ್ಯಾಪ್ (ಮೇಲ್ ಪ್ರೋಗ್ರಾಂಗಳು ಮೇಲ್ ತರಿಸಿಕೊಳ್ಳುವ ವಿಧಾನ) ಮೂಲಕ ನೇರವಾಗಿ ಮೇಲ್ ಸರ್ವರ್ ಜೊತೆ ಮಾತಾಡುತ್ತದೆ, ಈ ವಿಭಾಗದವರು ಬ್ರೌಸರ್‌ನಲ್ಲಿ ಮೇಲ್ ನೋಡುವ ವೆಬ್‌ಮೇಲ್ ದಾರಿಯನ್ನು ಮುಟ್ಟುವುದೇ ಇಲ್ಲ. ಅಪ್‌ಗ್ರೇಡ್‌ಗೆ ಮುಂಚೆ ಬಂದ ಮೇಲ್‌ಗಳ ಅಟ್ಯಾಚ್‌ಮೆಂಟ್? ಅವೂ ಈಗ ತೆರೆಯುತ್ತಿಲ್ಲ. ಮೇಲ್ ಒಳಗೆ ಕಾಣುವ ಫೋಟೋಗಳ ಚಿಕ್ಕ ಚಿತ್ರಗಳು? ಅವು ಕಾಣುತ್ತವೆ.

ಆಮೇಲೆ ಡೌನ್‌ಲೋಡ್ ಫೋಲ್ಡರ್ ತೆರೆದು ಫೈಲುಗಳ ಗಾತ್ರ ಓದಿ ಹೇಳಿ ಎಂದೆ. ಹತ್ತಾರು ಪುಟದ ಪಿಡಿಎಫ್ ಒಂದು, ಚಿತ್ರ ತುಂಬಿದ ವರ್ಡ್ ಫೈಲ್ ಒಂದು, ಒಂದು ದೊಡ್ಡ ಜಿಪ್. ಎಲ್ಲವೂ 4 ಕೆಬಿ. ಮೇಲ್‌ನಲ್ಲಿ ನೋಡಿದರೆ ಅದೇ ಜಿಪ್‌ಗೆ ಎಂಬಿಗಳ ಲೆಕ್ಕದಲ್ಲಿ ಗಾತ್ರ ಬರೆದಿದೆ.

ನನ್ನ ಮಟ್ಟಿಗೆ ಪ್ರಕರಣ ಅರ್ಧ ಬಗೆಹರಿದದ್ದು ಇಲ್ಲೇ. ಬೇರೆ ಬೇರೆ ಫೈಲುಗಳು ಒಂದೇ ಗಾತ್ರದಲ್ಲಿ ಬಂದರೆ ಅವು ಹಾಳಾದ ಫೈಲುಗಳಲ್ಲ. ಅವು ಬೇರೆ ಬೇರೆ ಹೆಸರು ಹೊತ್ತ ಒಂದೇ ಫೈಲ್. ಡೌನ್‌ಲೋಡ್ ಅರ್ಧಕ್ಕೆ ನಿಂತಿದ್ದರೆ ಗಾತ್ರ ಒಂದೊಂದಕ್ಕೆ ಒಂದೊಂದು ತರ ಇರುತ್ತಿತ್ತು, ಏನೂ ಬರದೇ ಹೋಗಿದ್ದರೆ ಸೊನ್ನೆ ಇರುತ್ತಿತ್ತು. ‘ಫೈಲ್ ಯಾಕೆ ತೆರೆಯುತ್ತಿಲ್ಲ’ ಅಂತ ಎಲ್ಲರೂ ಕೇಳುತ್ತಾರೆ, ‘ಬಂದಿರುವುದು ಆ ಫೈಲೇನಾ’ ಅಂತ ಯಾರೂ ಕೇಳುವುದಿಲ್ಲ. ಎರಡನೆಯದನ್ನು ಮೊದಲು ಕೇಳಬೇಕು.

ಅಷ್ಟರಲ್ಲಿ ಅದೇ ವಿಭಾಗದ ಇನ್ನೊಬ್ಬರು, “ನಂದು ಎಕ್ಸೆಲ್ ಓಪನ್ ಆಗುತ್ತೆ, ಆದ್ರೆ ಅದರಲ್ಲಿ ಯೂಸರ್ ನೇಮ್, ಪಾಸ್‌ವರ್ಡ್ ಅಂತ ಬರುತ್ತೆ, ವೈರಸ್ಸಾ?” ಎಂದು ಕೇಳಿದರು. ಸಿಕ್ಕಿದ್ದರಲ್ಲೇ ಬಹಳ ಒಳ್ಳೆಯ ಸುಳಿವು ಅದು. ಹಳೆಯ ಎಕ್ಸ್‌ಎಲ್‌ಎಸ್ ನಮೂನೆಯ ಹೆಸರಿರುವ ಫೈಲಿನೊಳಗೆ ಎಚ್‌ಟಿಎಂಎಲ್ (ವೆಬ್ ಪುಟ ಬರೆಯುವ ಭಾಷೆ) ಇದ್ದರೆ ಎಕ್ಸೆಲ್ ಸೀದಾ ನಿರಾಕರಿಸುವುದಿಲ್ಲ. ಹೆಸರಿಗೂ ಒಳಗಿನ ನಮೂನೆಗೂ ಹೊಂದುತ್ತಿಲ್ಲ ಎಂದು ಎಚ್ಚರಿಸಿ, ಹೌದು ಅಂದರೆ ಆ ವೆಬ್ ಪುಟವನ್ನೇ ಹಾಳೆಯ ಮನೆಗಳಲ್ಲಿ ಬಿಡಿಸಿ ತೋರಿಸುತ್ತದೆ. ಹೊಸ ಎಕ್ಸ್‌ಎಲ್‌ಎಸ್‌ಎಕ್ಸ್ ಆಗಿದ್ದರೆ ತೆರೆಯುತ್ತಲೇ ಇರಲಿಲ್ಲ. ಅವರ ಎಕ್ಸೆಲ್ ಹಾಳೆಯಲ್ಲಿ ಕೂತಿದ್ದದ್ದು ವೆಬ್‌ಮೇಲ್‌ನ ಲಾಗಿನ್ ಪುಟ.

ಖಚಿತ ಮಾಡಿಕೊಳ್ಳಲು ‘ಪಿಡಿಎಫ್’ ಒಂದನ್ನು ನೋಟ್‌ಪ್ಯಾಡ್‌ನಲ್ಲಿ ತೆರೆಸಿದೆ. ನಿಜವಾದ ಪಿಡಿಎಫ್ ಆದರೆ ಮೊದಲಲ್ಲೇ ಶೇಕಡಾ ಚಿಹ್ನೆ, ಅದರ ಹಿಂದೆ ಪಿಡಿಎಫ್ ಎಂಬ ಮೂರು ಇಂಗ್ಲಿಷ್ ಅಕ್ಷರ, ಆಮೇಲೆ ಆವೃತ್ತಿ ಸಂಖ್ಯೆ ಕಾಣಬೇಕು. ಜಿಪ್ ಆದರೆ ಮೊದಲ ಎರಡು ಅಕ್ಷರ ಪಿ ಮತ್ತು ಕೆ, ಆ ನಮೂನೆ ಮಾಡಿದ ಫಿಲ್ ಕಾಟ್ಸ್ ಅವರ ಹೆಸರಿನ ಮೊದಲಕ್ಷರಗಳು. ಈಗಿನ ವರ್ಡ್, ಎಕ್ಸೆಲ್ ಫೈಲುಗಳೂ ಒಳಗೊಳಗೆ ಜಿಪ್ಪೇ ಆದ್ದರಿಂದ ಅವೂ ಪಿಕೆ ಅಂತಲೇ ಶುರುವಾಗುತ್ತವೆ. ಇಲ್ಲಿ ಇದ್ದದ್ದು ಅಚ್ಚುಕಟ್ಟಾದ ಎಚ್‌ಟಿಎಂಎಲ್. ಓದಲಿಕ್ಕೂ ಬರುತ್ತಿತ್ತು.

ಲಾಗಿನ್ ಆಗಿದ್ದರೂ ಲಾಗಿನ್ ಪುಟ ಯಾಕೆ?

ಆ ವೆಬ್‌ಮೇಲ್‌ನಲ್ಲಿ ಮೇಲ್ ಒಂದು ಡೊಮೇನ್‌ನಿಂದ (ಸೈಟಿನ ವಿಳಾಸದ ಹೆಸರು) ಬರುತ್ತದೆ, ಅಟ್ಯಾಚ್‌ಮೆಂಟ್ ಪೂರ್ತಿ ಬೇರೆ ಹೆಸರಿನ ಇನ್ನೊಂದು ಡೊಮೇನ್‌ನಿಂದ. ಇದು ತಲೆ ಇಲ್ಲದೆ ಮಾಡಿದ ಕೆಲಸವಲ್ಲ. ಯಾರೋ ಕಳಿಸಿದ ಎಚ್‌ಟಿಎಂಎಲ್ ಅಟ್ಯಾಚ್‌ಮೆಂಟ್ ಮೇಲ್ ಇರುವ ಡೊಮೇನ್‌ನಲ್ಲೇ ತೆರೆದರೆ, ಅದರೊಳಗಿನ ಸ್ಕ್ರಿಪ್ಟ್ ನಿಮ್ಮ ಹೆಸರಿನಲ್ಲಿ ಮೇಲ್‌ಗಳನ್ನು ಓದಿಬಿಡಬಹುದು. ದೊಡ್ಡ ಮೇಲ್ ಸೇವೆಗಳೂ ಬಳಕೆದಾರರ ಫೈಲುಗಳನ್ನು ಬೇರೆ ಡೊಮೇನ್‌ನಲ್ಲಿ ಇಡುವುದು ಇದಕ್ಕೇ. ಲಾಗಿನ್ ಆಗುವಾಗ ಪುಟ ಒಂದು ಕ್ಷಣ ಆ ಎರಡನೇ ಡೊಮೇನ್‌ಗೆ ಹೋಗಿ, ಅಲ್ಲಿಯದೊಂದು ಕುಕೀ ಹಾಕಿಸಿಕೊಂಡು, ವಾಪಸ್ ಬರುತ್ತದೆ. ಮುಂದೆ ಅಟ್ಯಾಚ್‌ಮೆಂಟ್ ಕೇಳಿದಾಗ ಬ್ರೌಸರ್ ಆ ಕುಕೀ ತೋರಿಸುತ್ತದೆ, ಸರ್ವರ್ ಫೈಲ್ ಕೊಡುತ್ತದೆ. ಹೀಗೆ ನಡೆಯುತ್ತಿತ್ತು.

ನಡೆಯದಂತೆ ಆದದ್ದು ಕ್ರೋಮ್ 80ರ ಬದಲಾವಣೆಯಿಂದ. ಒಂದು ಕುಕೀ ಬೇರೆ ಸೈಟಿನ ಪುಟದೊಳಗಿಂದಲೂ ಹೋಗಬಹುದೇ ಇಲ್ಲವೇ ಎಂದು ಹೇಳಲು ಸೇಮ್‌ಸೈಟ್ ಎಂಬ ಗುಣ ಇದೆ. ಮೊದಲು ಅದನ್ನು ಬರೆಯದೇ ಬಿಟ್ಟರೆ ಕುಕೀ ಎಲ್ಲ ಕಡೆ ಹೋಗುತ್ತಿತ್ತು. 2020ರ ಫೆಬ್ರುವರಿಯಿಂದ ಕ್ರೋಮ್, ಬರೆಯದೇ ಬಿಟ್ಟ ಕುಕೀಯನ್ನು ‘ಲ್ಯಾಕ್ಸ್’ ಎಂದು ಭಾವಿಸಲು ಶುರು ಮಾಡಿತು. ಕೋವಿಡ್ ಸಮಯದಲ್ಲಿ ಅಗತ್ಯ ಸೈಟುಗಳು ಕೆಟ್ಟುಹೋಗದಿರಲಿ ಎಂದು ಏಪ್ರಿಲ್‌ನಲ್ಲಿ ಇದನ್ನು ಹಿಂದಕ್ಕೆ ತೆಗೆದುಕೊಂಡು ಜುಲೈನಲ್ಲಿ ಮತ್ತೆ ಜಾರಿ ಮಾಡಿದರು. ಲ್ಯಾಕ್ಸ್ ಅಂದರೆ, ನೀವು ಲಿಂಕ್ ಒತ್ತಿ ನೇರವಾಗಿ ಆ ಸೈಟಿಗೇ ಹೋದರೆ ಕುಕೀ ಹೋಗುತ್ತದೆ, ಬೇರೆ ಸೈಟಿನ ಪುಟದೊಳಗಿನ ಫ್ರೇಮ್ (ಪುಟದೊಳಗೆ ಕೂರಿಸಿದ ಇನ್ನೊಂದು ಪುಟ), ಚಿತ್ರ ಅಥವಾ ಸ್ಕ್ರಿಪ್ಟ್ ಕೇಳಿದರೆ ಹೋಗುವುದಿಲ್ಲ.

ಈ ವೆಬ್‌ಮೇಲ್ ಅಟ್ಯಾಚ್‌ಮೆಂಟ್ ಕೇಳುತ್ತಿದ್ದದ್ದು ಕಣ್ಣಿಗೆ ಕಾಣದ ಇಂಥ ಒಂದು ಫ್ರೇಮ್ (ಐಫ್ರೇಮ್) ಮೂಲಕ. ಕ್ಲಿಕ್ ಮಾಡಿದಾಗ ಮೇಲ್ ಪುಟ ಅಲ್ಲೇ ಇರಲಿ, ಡೌನ್‌ಲೋಡ್ ಹಿಂದೆ ಸದ್ದಿಲ್ಲದೆ ನಡೆಯಲಿ ಅಂತ ಹಿಂದೆ ತುಂಬ ಜನ ಹೀಗೆ ಬರೆಯುತ್ತಿದ್ದರು. ಹಳೆಯ ಕ್ರೋಮ್‌ನಲ್ಲಿ ಆ ಫ್ರೇಮ್ ಜೊತೆ ಕುಕೀ ಹೋಗುತ್ತಿತ್ತು, ಹೊಸದರಲ್ಲಿ ಹೋಗುವುದಿಲ್ಲ. ಕುಕೀ ಇಲ್ಲದೆ ಬಂದವರು ಯಾರೋ ಹೊರಗಿನವರು ಎಂದುಕೊಂಡು ಸರ್ವರ್ ಲಾಗಿನ್ ಪುಟ ಕೊಟ್ಟು ಕಳಿಸುತ್ತದೆ. ಚಿಕ್ಕ ಚಿತ್ರಗಳು ಮೇಲ್ ಡೊಮೇನ್‌ನಿಂದಲೇ ಬರುತ್ತಿದ್ದುದರಿಂದ ಅವಕ್ಕೆ ಏನೂ ಆಗಿರಲಿಲ್ಲ.

ಇದು ಬರೀ ಊಹೆ ಅಲ್ಲ ಎಂದು ತೋರಿಸಿಕೊಳ್ಳುವುದು ಕಷ್ಟವೇನಲ್ಲ. ಎಫ್12 ಒತ್ತಿ ನೆಟ್‌ವರ್ಕ್ ಟ್ಯಾಬ್ ತೆರೆದಿಟ್ಟು ಅಟ್ಯಾಚ್‌ಮೆಂಟ್ ಮೇಲೆ ಕ್ಲಿಕ್ ಮಾಡಿಸಿದೆ. ಆ ಕೋರಿಕೆಯ ಕುಕೀ ವಿಭಾಗದಲ್ಲಿ, ತಡೆದ ಕುಕೀಗಳನ್ನೂ ತೋರಿಸು ಎಂಬ ಆಯ್ಕೆಗೆ ಟಿಕ್ ಹಾಕಿದರೆ ಆ ಕುಕೀ ಹಳದಿ ಬಣ್ಣದಲ್ಲಿ ಕಾಣುತ್ತದೆ, ಮೌಸ್ ಇಟ್ಟರೆ ಸೇಮ್‌ಸೈಟ್ ಬರೆದಿಲ್ಲ, ಆದ್ದರಿಂದ ಕಳಿಸಲಿಲ್ಲ ಎಂಬ ಕಾರಣವನ್ನೂ ಹೇಳುತ್ತದೆ. ಬ್ರೌಸರ್ ಇಷ್ಟು ಸ್ಪಷ್ಟವಾಗಿ ಕಾರಣ ಹೇಳುವುದು ಅಪರೂಪ, ಹೇಳಿದಾಗ ಓದಬೇಕು. ಆಮೇಲೆ ಆ ಕೋರಿಕೆಯ ವಿಳಾಸವನ್ನು ಕಾಪಿ ಮಾಡಿ ಹೊಸ ಟ್ಯಾಬ್‌ನಲ್ಲಿ ಹಾಕಿದೆವು. ಪೂರ್ತಿ ಪಿಡಿಎಫ್ ಬಂತು! ಅದೇ ಬ್ರೌಸರ್, ಅದೇ ಕುಕೀ, ಅದೇ ವಿಳಾಸ. ಫ್ರೇಮ್ ಒಳಗಿಂದ ಕೇಳಿದರೆ ಲಾಗಿನ್ ಪುಟ, ನೇರವಾಗಿ ಕೇಳಿದರೆ ಫೈಲ್. ಇದಾದ ಮೇಲೆ ವಾದಕ್ಕೆ ಏನೂ ಉಳಿಯಲಿಲ್ಲ.

ಇನ್ನೊಂದು ತಪ್ಪು, ನನ್ನ ಪ್ರಕಾರ ದೊಡ್ಡದು

ಸರಿ, ಕುಕೀ ಹೋಗಲಿಲ್ಲ, ಲಾಗಿನ್ ಪುಟ ಬಂತು. ಆದರೆ ಅದು ಪಿಡಿಎಫ್ ಹೆಸರು ಹಾಕಿಕೊಂಡು ಡೌನ್‌ಲೋಡ್ ಆಗಿದ್ದು ಯಾಕೆ?

ಸರ್ವರ್ ಪ್ರತಿಯೊಂದು ಉತ್ತರದ ಜೊತೆ ಹೆಡರ್‌ಗಳನ್ನು ಕಳಿಸುತ್ತದೆ. ಕಂಟೆಂಟ್ ಟೈಪ್ ಎಂಬುದು ಇದು ಯಾವ ಬಗೆಯ ವಸ್ತು ಎಂದು ಹೇಳುತ್ತದೆ. ಕಂಟೆಂಟ್ ಡಿಸ್ಪೊಸಿಷನ್ ಎಂಬುದು ಇದನ್ನು ಅಲ್ಲೇ ತೋರಿಸಬೇಕೋ, ಅಟ್ಯಾಚ್‌ಮೆಂಟ್ ಆಗಿ ಉಳಿಸಬೇಕೋ, ಉಳಿಸಿದರೆ ಯಾವ ಹೆಸರಿನಲ್ಲಿ ಎಂದು ಹೇಳುತ್ತದೆ. ಬ್ರೌಸರ್ ಇವನ್ನು ನಂಬುತ್ತದೆ. ಇಲ್ಲಿ ಬ್ರೌಸರ್‌ಗೂ ಮೇಲ್ ಸರ್ವರ್‌ಗೂ ಮಧ್ಯೆ ಕೂರಿಸಿದ್ದ ಪ್ರಾಕ್ಸಿ ಸರ್ವರ್, ಒಳಗಿಂದ ಏನು ಬಂತು ಎಂದು ನೋಡುತ್ತಲೇ ಇರಲಿಲ್ಲ. ವಿಳಾಸದ ಕೊನೆಯಲ್ಲಿ ಪಿಡಿಎಫ್ ಅಂತ ಇದ್ದರೆ ಪಿಡಿಎಫ್ ಹೆಡರ್ ಅಂಟಿಸು, ಜಿಪ್ ಅಂತ ಇದ್ದರೆ ಜಿಪ್ ಹೆಡರ್ ಅಂಟಿಸು. ಡಬ್ಬಿಯೊಳಗೆ ಏನಿದೆ ಅಂತ ನೋಡದೆ ಚೀಟಿ ಹಚ್ಚುವ ಕೆಲಸ. ಸಾಲದ್ದಕ್ಕೆ ಲಾಗಿನ್ ಪುಟ 200 ಎಂಬ ಸಂಕೇತದೊಂದಿಗೆ ಬರುತ್ತಿತ್ತು, ಅಂದರೆ ‘ಕೇಳಿದ್ದು ಸಿಕ್ಕಿದೆ, ತಗೋ’. ‘ಲಾಗಿನ್ ಬೇಕು’ ಅಥವಾ ‘ಅನುಮತಿ ಇಲ್ಲ’ ಎನ್ನುವ 401 ಅಥವಾ 403 ಕೊಟ್ಟಿದ್ದರೆ ಡೌನ್‌ಲೋಡ್ ಸೋತಿತು ಎಂದು ಬ್ರೌಸರ್ ಹೇಳುತ್ತಿತ್ತು. ಆಗ ಯಾರೂ ಪಿಡಿಎಫ್ ರೀಡರ್ ತೆಗೆದು ಹಾಕುತ್ತ ಕೂರುತ್ತಿರಲಿಲ್ಲ.

ಕುಕೀ ಸಮಸ್ಯೆಗೆ ಕ್ಷಮೆ ಇದೆ, ಬ್ರೌಸರ್‌ನ ನಿಯಮ ಬದಲಾಯಿತು. ಸುಳ್ಳು ಹೆಡರ್‌ಗೆ ಕ್ಷಮೆ ಇಲ್ಲ. ಅದು ಮೊದಲಿಂದಲೂ ಇತ್ತು. ಲಾಗಿನ್ ಅವಧಿ ಮುಗಿದ ಮೇಲೆ ಅಟ್ಯಾಚ್‌ಮೆಂಟ್ ಒತ್ತಿದವರಿಗೆಲ್ಲ ಆಗಲೂ ಇಂಥದ್ದೇ ‘ಹಾಳಾದ’ ಫೈಲ್ ಸಿಕ್ಕಿರಬೇಕು. ಅವರು ಮತ್ತೆ ಲಾಗಿನ್ ಆಗಿ, ಮತ್ತೆ ಒತ್ತಿ, ಬಂತಲ್ಲ ಅಂತ ಸುಮ್ನೆ ಇದ್ದುಬಿಟ್ಟಿರುತ್ತಾರೆ.

ಪರಿಹಾರ

ಮೊದಲ ಸಲಹೆಯಾಗಿ ಬಂದದ್ದು ಹಳೆಯ ಕ್ರೋಮ್‌ಗೆ ವಾಪಸ್ ಹೋಗುವುದು. ಬೇಡ ಎಂದೆ. ವರ್ಷಗಳ ಭದ್ರತಾ ತೂತುಗಳು ಹಾಗೇ ಇರುವ ಬ್ರೌಸರ್‌ನಲ್ಲಿ ಹೊರಗಿನವರ ಅಟ್ಯಾಚ್‌ಮೆಂಟ್ ತೆರೆಯುವುದು, ಅದೂ ದುಡ್ಡಿನ ವ್ಯವಹಾರ ನೋಡುವ ವಿಭಾಗದಲ್ಲಿ. ಕ್ರೋಮ್‌ನ ಫ್ಲ್ಯಾಗ್ಸ್ ಪುಟಕ್ಕೆ ಹೋಗಿ ಸೇಮ್‌ಸೈಟ್ ಸ್ವಿಚ್ ಆಫ್ ಮಾಡಿ ಎಂಬ ಸಲಹೆ ಇಂಟರ್‌ನೆಟ್ ತುಂಬ ಇನ್ನೂ ಸಿಗುತ್ತದೆ. ಆ ಸ್ವಿಚ್‌ಗಳನ್ನು ಆವೃತ್ತಿ 91ರಲ್ಲೇ ತೆಗೆದುಹಾಕಿದ್ದಾರೆ, ಹುಡುಕಿದರೂ ಸಿಗುವುದಿಲ್ಲ.

ಸರ್ವರ್ ಕಡೆ ಸರಿಯಾಗುವವರೆಗೆ ಕೆಲಸ ನಿಲ್ಲಬಾರದಲ್ಲ, ಅದಕ್ಕೆ ಡೆಸ್ಕ್‌ಟಾಪ್ ಮೇಲ್ ಪ್ರೋಗ್ರಾಂ ಒಂದನ್ನು ಐಮ್ಯಾಪ್‌ನಲ್ಲಿ ಹೊಂದಿಸಿ ಕೊಟ್ಟರು. ಕಚೇರಿಯ ಉಳಿದವರು ಮೊದಲಿಂದ ಅದನ್ನೇ ಬಳಸುತ್ತಿದ್ದರು. ವೆಬ್‌ಮೇಲ್‌ನ ಈ ತೊಂದರೆ ಇಷ್ಟು ವರ್ಷ ಯಾರ ಕಣ್ಣಿಗೂ ಬೀಳದೆ ಇದ್ದದ್ದು ಇದೇ ಕಾರಣಕ್ಕೆ.

ಸರ್ವರ್ ನೋಡಿಕೊಳ್ಳುವವರಿಗೆ ನಾವು ಬರೆದದ್ದು ‘ಅಟ್ಯಾಚ್‌ಮೆಂಟ್ ತೆರೆಯುತ್ತಿಲ್ಲ’ ಎಂದಲ್ಲ. ಯಾವ ವಿಳಾಸ, ಯಾವ ಕುಕೀ ತಡೆಯಲ್ಪಟ್ಟಿತು, ಉತ್ತರದ ಹೆಡರ್ ಏನು, ಒಳಗಿದ್ದದ್ದು ಏನು, ಹೊಸ ಟ್ಯಾಬ್‌ನಲ್ಲಿ ಏನಾಯಿತು, ಇಷ್ಟನ್ನೂ ಪರದೆಯ ಚಿತ್ರಗಳ ಸಮೇತ ಕಳಿಸಿದೆವು. ‘ನಮ್ಮ ಕಡೆ ಸರಿ ಇದೆ’ ಎಂಬ ಮಾಮೂಲಿ ಉತ್ತರಕ್ಕೆ ಜಾಗ ಇರಲಿಲ್ಲ.

ಅವರು ಮೊದಲು ಮಾಡಿದ್ದು ಪ್ರಾಕ್ಸಿಯಲ್ಲೇ ಕುಕೀಗೆ ಸೇಮ್‌ಸೈಟ್ ‘ನನ್’ (ಬೇರೆ ಸೈಟಿನ ಪುಟದೊಳಗಿಂದಲೂ ಹೋಗಬಹುದು) ಮತ್ತು ‘ಸೆಕ್ಯೂರ್’ (ಸುರಕ್ಷಿತ ಸಂಪರ್ಕದಲ್ಲಿ ಮಾತ್ರ ಹೋಗಬೇಕು) ಎಂಬ ಎರಡು ಗುಣ ಸೇರಿಸುವುದು. ಪ್ರಾಕ್ಸಿಯಾಗಿ ಬಳಸುವ ಎಂಜಿನ್‌ಎಕ್ಸ್ ತಂತ್ರಾಂಶದಲ್ಲಿ 1.19.3ನೇ ಆವೃತ್ತಿಯಿಂದ ಇದಕ್ಕೆ ನೇರ ವ್ಯವಸ್ಥೆ ಇದೆ, ಮೇಲ್ ತಂತ್ರಾಂಶದ ಕೋಡ್ ಮುಟ್ಟಬೇಕಿಲ್ಲ. ಎರಡೂ ಜೊತೆಗೇ ಬೇಕು. ಸೆಕ್ಯೂರ್ ಇಲ್ಲದ ನನ್ ಅನ್ನು ಕ್ರೋಮ್ ಎಸೆದುಬಿಡುತ್ತದೆ, ಸೆಕ್ಯೂರ್ ಇದ್ದರೆ ಸೈಟ್ ಎಚ್‌ಟಿಟಿಪಿಎಸ್‌ನಲ್ಲೇ ಇರಬೇಕು. ಜೊತೆಗೆ ಲಾಗಿನ್ ಇಲ್ಲದಿದ್ದಾಗ 401 ಕೊಡುವಂತೆ, ಫೈಲ್ ನಿಜವಾಗಿ ಸಿಕ್ಕಾಗ ಮಾತ್ರ ಡೌನ್‌ಲೋಡ್ ಹೆಡರ್ ಹಾಕುವಂತೆ ತಿದ್ದಿದರು.

ಇದು ಕ್ರೋಮ್ ಮಟ್ಟಿಗೆ ಸಾಕು, ಆದರೆ ಗಟ್ಟಿ ಪರಿಹಾರವಲ್ಲ. ಸಫಾರಿ 2020ರ ಮಾರ್ಚ್‌ನಿಂದಲೇ ಮೂರನೆಯವರ ಕುಕೀಗಳನ್ನು ಪೂರ್ತಿ ತಡೆಯುತ್ತದೆ, ಅಲ್ಲಿ ನನ್ ಬರೆದರೂ ಪ್ರಯೋಜನವಿಲ್ಲ. ಹಾಗಾಗಿ ಆಮೇಲಿನ ಬದಲಾವಣೆಯಲ್ಲಿ ಕುಕೀಯ ಗೊಡವೆಯನ್ನೇ ಬಿಟ್ಟರು. ಕ್ಲಿಕ್ ಮಾಡಿದಾಗ ಮೇಲ್ ಸರ್ವರ್ ಆ ಒಂದು ಫೈಲಿಗೆ ಮಾತ್ರ, ಸ್ವಲ್ಪ ಹೊತ್ತು ಮಾತ್ರ ನಡೆಯುವ ಸಹಿ ಹಾಕಿದ ಲಿಂಕ್ ತಯಾರಿಸಿ ಕೊಡುತ್ತದೆ. ಲಿಂಕೇ ಗುರುತು, ಕುಕೀ ಬೇಕಿಲ್ಲ. ಕಾಣದ ಫ್ರೇಮ್ ಕೂಡ ಹೋಯಿತು.

ಸರಿಪಡಿಸಿದ ಮೇಲೂ ‘ಇನ್ನೂ ಆಗ್ತಿಲ್ಲ’ ಎಂಬ ಫೋನ್ ಬಂದೇ ಬಂತು. ಅದು ಕುಕೀ ತಿದ್ದಿದ ಹೊತ್ತಿನಲ್ಲಿ. ಕೆಲವರು ಲಾಗ್ ಔಟ್ ಆಗಿರಲಿಲ್ಲ, ಹಳೆಯ ಕುಕೀಯೇ ಇತ್ತು, ಮತ್ತೆ ಲಾಗಿನ್ ಆದಾಗ ಹೊಸ ಗುಣ ಇರುವ ಕುಕೀ ಬಂತು. ಇನ್ನು ಕೆಲವರದು ತಮಾಷೆಯ ಕಾರಣ. ಹೊಸದಾಗಿ ಬಂದ ಸರಿಯಾದ ಫೈಲಿಗೆ ಕ್ರೋಮ್ ಹೆಸರಿನ ಕೊನೆಗೆ ಬ್ರಾಕೆಟ್‌ನಲ್ಲಿ 1 ಎಂದು ಸೇರಿಸಿ ಉಳಿಸುತ್ತಿತ್ತು, ಇವರು ಮಾತ್ರ ಡೌನ್‌ಲೋಡ್ ಫೋಲ್ಡರ್‌ಗೆ ಹೋಗಿ ಹಳೆಯ 4 ಕೆಬಿ ಫೈಲನ್ನೇ ಒತ್ತುತ್ತಿದ್ದರು. ಆ 4 ಕೆಬಿಗಳನ್ನೆಲ್ಲ ಅಳಿಸಿಸಿದ ಮೇಲೆ ಫೋನ್ ನಿಂತಿತು.

ಇದೇ ತರ ಕಾಣುವ ಬೇರೆ ಕಾರಣಗಳು

ನಿಮ್ಮಲ್ಲಿ ಗಾತ್ರ ಒಂದೇ ಇರದಿದ್ದರೆ ಕಾರಣ ಬೇರೆ ಇರಬಹುದು. ಕ್ಲಿಕ್ ಮಾಡಿದರೆ ಏನೂ ಆಗುವುದಿಲ್ಲ ಅನ್ನುವುದಾದರೆ, ಮೇಲ್ ಪುಟ ಸ್ಯಾಂಡ್‌ಬಾಕ್ಸ್ ಹಾಕಿದ, ಅಂದರೆ ಏನೇನು ಮಾಡಬಹುದು ಎಂಬುದಕ್ಕೆ ಮಿತಿ ಹಾಕಿದ, ಫ್ರೇಮ್ ಒಳಗಿದೆಯೇ ನೋಡಿ. ಕ್ರೋಮ್ 83ರಿಂದ ವಿಶೇಷ ಅನುಮತಿ ಇಲ್ಲದೆ ಅಲ್ಲಿಂದ ಡೌನ್‌ಲೋಡ್ ಆಗುವುದಿಲ್ಲ. ಪುಟ ಎಚ್‌ಟಿಟಿಪಿಎಸ್, ಅಟ್ಯಾಚ್‌ಮೆಂಟ್ ಲಿಂಕ್ ಮಾತ್ರ ಹಳೆಯ ಎಚ್‌ಟಿಟಿಪಿ ಆಗಿದ್ದರೂ ತಡೆಯುತ್ತದೆ. ಫೈರ್‌ಫಾಕ್ಸ್ ಕೂಡ 93ರಿಂದ ಹೀಗೆ ಮಾಡುತ್ತದೆ. ಖಾಲಿ ಟ್ಯಾಬ್ ತೆರೆದುಕೊಂಡರೆ, ಹಳೆಯ ವೆಬ್‌ಮೇಲ್ ಫೈಲನ್ನು ಡೇಟಾ ವಿಳಾಸವಾಗಿ (ಫೈಲಿನ ಒಳಗಿರುವುದನ್ನೆಲ್ಲ ವಿಳಾಸದಲ್ಲೇ ತುಂಬಿ) ತೆರೆಯಲು ನೋಡುತ್ತಿರಬಹುದು. ಅದನ್ನು ಕ್ರೋಮ್ 2017ರಲ್ಲಿ, ಫೈರ್‌ಫಾಕ್ಸ್ 2018ರಲ್ಲಿ ನಿಲ್ಲಿಸಿದವು. ‘ಮೊದಲು ತೆರೆಯಲಾ ಉಳಿಸಲಾ ಅಂತ ಕೇಳ್ತಿತ್ತು, ಈಗ ಕೇಳೋದೇ ಇಲ್ಲ’ ಎಂಬುದು ದೋಷವೇ ಅಲ್ಲ. ಫೈರ್‌ಫಾಕ್ಸ್ 98ರಿಂದ ಕೇಳದೆ ಉಳಿಸುತ್ತದೆ, ಬೇಕಾದರೆ ಸೆಟ್ಟಿಂಗ್‌ನಲ್ಲಿ ಬದಲಿಸಿಕೊಳ್ಳಬಹುದು.

ಆ ವಿಭಾಗದಲ್ಲಿ ಕೊನೆಗೂ ಒಂದು ಅಟ್ಯಾಚ್‌ಮೆಂಟ್ ತೆರೆಯದೆ ಉಳಿಯಿತು. ಅದರ ಹೆಸರು ವಿನ್‌ಮೇಲ್ ಡಾಟ್ ಡ್ಯಾಟ್. ಅದಕ್ಕೂ ಅಪ್‌ಗ್ರೇಡ್‌ಗೂ ಸಂಬಂಧವೇ ಇಲ್ಲ. ಕಳಿಸಿದವರ ಔಟ್‌ಲುಕ್ ರಿಚ್ ಟೆಕ್ಸ್ಟ್ ನಮೂನೆಯಲ್ಲಿ ಮೇಲ್ ಕಳಿಸಿದರೆ ನಿಜವಾದ ಫೈಲ್ ಆ ಕಟ್ಟಿನೊಳಗೆ ಸೇರಿಹೋಗುತ್ತದೆ. ಎಚ್‌ಟಿಎಂಎಲ್ ನಮೂನೆಗೆ ಬದಲಿಸಿ ಮತ್ತೆ ಕಳಿಸಿ ಎಂದು ಅವರಿಗೆ ಮೇಲ್ ಬರೆಸಿದೆ, ಸಂಜೆಯೊಳಗೆ ಸರಿಯಾದ ಪಿಡಿಎಫ್ ಬಂತು.